ಹೆಸರಿನ ಹಲಗಿ

ಆಫೀಸಿನವರು ಕೊಟ್ಟ ಚೀಟಿಯೊಳಗ ಬರದಿತ್ತು:
ವಿ. ಹೂಲಿಕಟ್ಟಿ, ಮುಂಬೈ ವಿಮಾನ, ನಸುಕಿನ ಮೂರೂವರಿ,
ಸೊಹಾರಿಗೆ ಮುಟ್ಟಿಸಬೇಕು.

ಹೂಲಿಕಟ್ಟಿ!
ಹನ್ನೊಂದು ವರ್ಷದಾಗ ಈ ಕೈ ಹಿಡಿದ ಹಲಗಿ ಮ್ಯಾಲ
ಕೊರಿಯಾದವರು ಬಂದು ಹೋಗ್ಯಾರ, ಫಿಲಿಪೀನ್ಸಿನವರು,
ಅಪ್ಪನ ಹೆಸರು ಅಜ್ಜನ ಹೆಸರು ಕೂಡಿ
ಗೂಡ್ಸ್ ಗಾಡಿಯಷ್ಟು ಉದ್ದಾದ ಸುಡಾನಿನ ಇಂಜಿನಿಯರ್.
ಕಟ್ಟಿ ಅಂತ ಮುಗಿಯೋ ಹೆಸರು ಒಂದೂ ಬಂದಿರಲಿಲ್ಲ.

ಇಂಗ್ಲಿಷಿನ ಕೆಳಗ ಕನ್ನಡದಾಗೂ ಬರದೆ.
ಹೂ-ದ ದೀರ್ಘ ಎಳಿಯುವಾಗ ಕೈ ಅನುಮಾನಿಸ್ತು.
ದಪ್ಪ ಮಾರ್ಕರು ಟ್ಟಿ-ಯ ಒತ್ತು ನುಂಗಿಬಿಡ್ತು;
ಇನ್ನೊಂದು ಹಾಳಿ ತಗೊಂಡೆ.

ಗಾಡಿ ತೊಳದೆ. ತೊಳದದ್ದನ್ನ ಮತ್ತೊಮ್ಮಿ ತೊಳದೆ.
ಹಿಂದಿನ ಸೀಟಿನ ನೀರಿನ ಬಾಟ್ಲಿ ತಗದು
ಮುಂದ, ನನ್ನ ಬಾಜೂಕ ಇಟ್ಟೆ.
ನಮ್ಮವರು ಮುಂದ ಕೂಡತಾರ.

ಎರಡು ತಾಸಿನ ದಾರಿ. ಕೇಳೋದು ಏನೇನು?
ಹೂಲಿಕಟ್ಟಿ ಅಂದ್ರ ಸವದತ್ತಿ ಕಡೆಯವರೇನ್ರಿ?
ನಾನು ದಾವಲಸಾಬ, ಲಕ್ಷ್ಮೇಶ್ವರದಾವ.
ಗದಗಿನ ಗಿರಮಿಟ್ಟಿಗೆ ಉಳ್ಳಾಗಡ್ಡಿ
ಈಗೂ ಕೈಬಿಚ್ಚಿ ಹಾಕತಾರೇನ್ರಿ? ಜ್ವಾಳಕ್ಕ ದರಾ ಹ್ಯಾಂಗ?
ಕೇಳೋದೋ ಬ್ಯಾಡೋ ಅಂತ ತೀರ್ಮಾನ ಆಗದ್ದು ಒಂದಿತ್ತು:
ನನ್ನ ಮಾತು ಇನ್ನೂ ನಮ್ಮ ಕಡೆಯದರಂಗ ಕೇಳತೈತೇನ್ರಿ,
ಇಲ್ಲಾ ಉಪ್ಪುನೀರು ಕುಡದೈತೇನು?

ಮಸ್ಕತ್ ವಿಮಾನನಿಲ್ದಾಣದ ಗಾಜಿನ ಬಾಗಿಲಾ
ತೆರದಾಗೊಮ್ಮಿ ಹಲಗಿ ಎದಿಮಟ ಏರತಿತ್ತು,
ಮುಚ್ಚಿದಾಗ ಇಳೀತಿತ್ತು.
ಬಂದ. ಇಪ್ಪತ್ತಾರರ ಹುಡುಗ.
ಮ್ಯಾಲಿನ ಸಾಲಿಗೆ ಕೈ ಎತ್ತಿದ.
ಕೆಳಗಿನ ಸಾಲಿನ ಮ್ಯಾಲ ಬೆರಳಿಟ್ಟು, ನಕ್ಕೋತ:
"ಯೇ ಕ್ಯಾ ಹೈ ಭಾಯಿ, ತೆಲುಗು?"

ಅಜ್ಜ ಬಿಟ್ಟುಬಂದ ಊರಂತ.
ಅಪ್ಪಗ ಅರ್ಧಮರ್ಧ ಬರತಿತ್ತಂತ.
ನಾಸಿಕದಾಗ ಬೆಳೆದ ತನಗ ಹೆಸರೊಂದೇ ಉಳದೈತಂತ.
ಸಾರಿ, ಅಂದ. ಛಲೋ ಹುಡುಗ.
ಹಿಂದ ಕುಂತ.

ಸಿಟ್ಟು ಮಾಡೂದಾದ್ರ ಯಾರ ಮ್ಯಾಲ?
ಬರತೀನಿ ಅಂದಿದ್ದ, ಬಂದ.
ವಿಮಾನ ಹೊತ್ತಿಗೆ ಸರಿಯಾಗಿ ಇಳದೈತಿ.
ಪಗಾರ ತಡಾ ಆದ್ರ ಕೇಳಾಕ ಒಬ್ಬಾವ ಇರತಾನ,
ರಜಾ ಸಿಗದಿದ್ರ ಬಯ್ಯಾಕ ಒಂದು ಹೆಸರಿರತೈತಿ.
ಇದಕ್ಕ?
ಇದು ನಾನ ಕಟ್ಟಿದ್ದು, ನನ್ನ ಖರ್ಚಿನ್ಯಾಗ,
ಒಂದು ರಾತ್ರಿಯೊಳಗ.
ಅವಗ ಅಡಿಪಾಯ ಸುದ್ದಾ ಕಂಡಿಲ್ಲ.

ಬರ್ಕಾದಾಗ ಕರಕ್ ಚಹಾ ಕುಡದ್ವಿ. ರೊಕ್ಕ ತಾನ ಕೊಟ್ಟ.
ಆಮ್ಯಾಲ ಕುತ್ತಿಗಿ ವಾಲಿಸಿ ಮಲಗಿದ.
ಎಡಕ್ಕ ಗುಡ್ಡ, ಬಲಕ್ಕ ಇನ್ನೂ ಕಾಣದ ಸಮುದ್ರ.
ನಿದ್ದಿಯೊಳಗರ ಏನರ ಅಂತಾನೇನು ಅಂತ
ಕನ್ನಡಿಯೊಳಗ ಎರಡು ಸಲ ನೋಡಿದೆ.
ಗೊರಕಿ ಹೊಡದ.
ಗೊರಕಿಯೇನೋ ನಮ್ಮ ಕಡೆಯದೇ ಅನಿಸ್ತು.

ಸೊಹಾರಿನ ಕ್ಯಾಂಪಿನ ಗೇಟಿನ ಮುಂದ ಇಳಿಸಿದೆ.
ಕೈ ಕುಲುಕಿದ, ನನ್ನ ಹೆಸರು ಕೇಳಿದ,
ದಾವೂದ್ ಭಾಯ್, ಅಂತ ತಿದ್ದಿಕೊಂಡ.
ನಾನೂ ಬಿಟ್ಟೆ.

ನಾಳಿ ಪಾರ್ಕ್ ಅನ್ನಾವ ಬರತಾನ.
ಹಾಳಿ ಯಾಕ ಕೆಡಿಸೂದು, ತಿರುವಿ ಬರದೆ.
ಬೆಳಕಿಗೆ ಹಿಡದ್ರ ಹಿಂದಿನ ದೀರ್ಘ
ಅವನ ಹೆಸರಿನ ನಡುವ ಬಾಲದಂಗ ಕಾಣತೈತಿ.
ಕಂಡ್ರ ಕಾಣಲಿ.

ವಾಪಸ್ ಬರುವಾಗ ಬಾಜೂಕಿನ ಖಾಲಿ ಸೀಟಿಗೆ
ಜ್ವಾಳದ ದರಾ ಕೇಳಿದೆ, ಒದರಿ ಕೇಳಿದೆ.
ಬಾಯಿ ಒಣಗಿತು.
ಅವನ ಬಾಟ್ಲಿ ಬಿರಡಿ ತಿರುವಿ ಅರ್ಧಾ ಕುಡದೆ.
ಸಪ್ಪನ್ನ ನೀರು.
ಉಪ್ಪು ಇರಲಿಲ್ಲ.